ಇವತ್ತಿನ ಕೊಲೆಗಾರ

ಆ ಧಾರಾವಾಹಿಗೆ ಸ್ವಂತ ನಟರಿಲ್ಲ. ಟೀವಿ ಮುಂದೆ ಕೂತವರು ಯಾರನ್ನು ನಂಬುತ್ತಾರೋ ಅವರ ಮುಖ ಕಥಾನಾಯಕನಾದ ನಿವೃತ್ತ ಪ್ರಾಸಿಕ್ಯೂಟರ್‌ಗೆ ಬರುತ್ತದೆ. ಯಾರ ಮೇಲೆ ಅನುಮಾನವೋ ಅವರ ಮುಖ ಸರಣಿ ಕೊಲೆಗಾರನಿಗೆ. ಹಾಗಾಗಿ ಮೈಸೂರಿನಲ್ಲಿ ಯಾರೂ ಅದನ್ನು ನೆಂಟರ ಜೊತೆ ಕೂತು ನೋಡುವುದಿಲ್ಲ.

ಪ್ರಮೀಳಾ ನಿಜವಾಗಿಯೂ ನಿವೃತ್ತ ಪ್ರಾಸಿಕ್ಯೂಟರ್. ಅವಳೂ ಗಂಡ ನಂಜುಂಡಸ್ವಾಮಿಯೂ ಒಟ್ಟಿಗೆ ಕೂತಾಗ ಅವಳ ನಂಬಿಕೆಯೇ ಗೆದ್ದು, ಪ್ರಾಸಿಕ್ಯೂಟರ್‌ಗೆ ಅವಳದೇ ಮುಖ, ಕೊಲೆಗಾರನಿಗೆ ಕೆಳಮನೆಯ ಬಾಡಿಗೆದಾರ ದೊರೆಸ್ವಾಮಿಯ ಮುಖ.

"ರೀ, ಕಾಫಿ ತರ್ತೀನಿ. ಅವನು ಸಿಕ್ಕಿಬಿದ್ರೆ ಕೂಗಿ" ಎಂದು ಅವಳು ಅಡುಗೆಮನೆಗೆ ಹೋದಳು.

ಲೋಟ ಹಿಡಿದು ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ಟೀವಿ ಮುಂದೆ ಈಗ ನಂಜುಂಡಸ್ವಾಮಿ ಒಬ್ಬನೇ, ಮುಖಗಳು ಬದಲಾಗಿದ್ದವು. ಕರಿಕೋಟಿನಲ್ಲಿ ದೊರೆಸ್ವಾಮಿ ಕೊಲೆಗಾರನನ್ನು ಹುಡುಕುತ್ತಿದ್ದ. ಚಾಕು ಹಿಡಿದು ಕಿಟಕಿ ಪರದೆಯ ಹಿಂದೆ ಅವಿತಿದ್ದವಳು ಪ್ರಮೀಳಾ.

ಹೆಜ್ಜೆ ಸಪ್ಪಳಕ್ಕೆ ಅವನು ತಟ್ಟನೆ ಕ್ರಿಕೆಟ್ ಹಾಕಿದ.

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಅವಳು ಕೋರ್ಟಿನಲ್ಲಿ ಎಂದೂ ಕೇಳಿದವಳಲ್ಲ. ಇದರ ಉತ್ತರ ಗೊತ್ತಿತ್ತು, ಕೇಳಿದಳು.

"ಯಾಕ್ರೀ ಬದಲಾಯಿಸಿದ್ರಿ?"

"ಬರೀ ಜಾಹೀರಾತು ಕಣೇ."

ಅವಳು ಕಾಫಿ ಚಾಚಿದಳು. ಇಷ್ಟು ವರ್ಷ ಕಣ್ಣುಮುಚ್ಚಿ ಕುಡಿದವನು ಇವತ್ತು ಲೋಟದೊಳಗೆ ಇಣುಕಿದ.

"ಮೊದ್ಲು ನೀನೊಂದು ಗುಟುಕು ಕುಡಿ" ಎಂದ.