ಒಂಬತ್ತಕ್ಕೆ ಒಂಬತ್ತು

"ದೋಣೀಲಿದ್ದೀನಿ... ಬಿದ್ದೆ... ಕಾಲು ಮುರೀತು..." ಡೆಸ್ಮಂಡನ ದನಿ ಅಲ್ಲಿಗೇ ನಿಂತಿತು. ಆಮೇಲೆ ರೇಡಿಯೊದಲ್ಲಿ ಬರೀ ಗೊರಗೊರ ಸದ್ದು. ಮೈಕಿನ ಗುಂಡಿಯ ಮೇಲೇ ಬಿದ್ದಿರಬೇಕು.

ಸ್ಟ್ಯಾನ್ಲಿ ಊರಿನ ಕಡಲನ್ನು ಬೆಳಗಿನಿಂದಲೇ ಮಂಜು ನುಂಗಿತ್ತು. ರೇಡಿಯೊ ಕ್ಲಬ್ಬಿನ ಶೆಡ್ಡಿನಲ್ಲಿ ಅಧ್ಯಕ್ಷ ಆಲ್ಬಿ ನಕ್ಷೆ ಹರಡಿದ. ಡೆಸ್ಮಂಡನ ಹೆಂಡತಿ ಲೋರ್ನಾ ಬಾಗಿಲಲ್ಲಿ ನಿಂತು ತುಟಿಯಲ್ಲೇ ಪ್ರಾರ್ಥಿಸುತ್ತಿದ್ದಳು. ಗಂಡ ಮೀನಿಗೆಂದು ಹೊರಟಿದ್ದ.

ಸದ್ದು ಯಾರಿಗೆ ಜೋರು, ಯಾರಿಗೆ ಕ್ಷೀಣ ಎಂದು ತಿಳಿದರೆ ದೋಣಿಯ ಜಾಗ ಹಿಡಿಯಬಹುದು. ಸದ್ದಿನ ಬಲ ತೋರಿಸುವ ಆಲ್ಬಿಯ ಮೀಟರಿನ ಮುಳ್ಳು ತುದಿಗೆ ಕಚ್ಚಿಕೊಂಡು ಅಲ್ಲಾಡಲಿಲ್ಲ. "ಇದೂ ಇವತ್ತೇ ಕೈಕೊಡ್ತು" ಎಂದು ಪಕ್ಕಕ್ಕೆ ತಳ್ಳಿ, ಊರ ಸುತ್ತಲಿನ ಸದಸ್ಯರಿಗೆ ಒಟ್ಟಿಗೇ ಫೋನು ಹಚ್ಚಿ, ಸದ್ದಿನ ಬಲಕ್ಕೆ ಒಂಬತ್ತರಲ್ಲಿ ಎಷ್ಟೆಂದು ಕೇಳಿದ.

"ಒಂಬತ್ತಕ್ಕೆ ಒಂಬತ್ತು," ಎಂದ ಮರ್ವ್.

"ಒಂಬತ್ತಕ್ಕೆ ಒಂಬತ್ತು, ಪಾಪ," ಎಂದಳು ಐಲೀನ್. ಉಳಿದಿಬ್ಬರದೂ ಅದೇ.

ಆಲ್ಬಿ ಹಣೆ ಚಚ್ಚಿಕೊಂಡ. ಆ ಕೂಟದ ಮರ್ಯಾದೆಯೇ ಅದು: ಎದುರಿನವನ ದನಿ ಕೇಳದಿದ್ದರೂ ಒಂಬತ್ತು ಕೊಡುವುದು. ಎಲ್ಲರಿಗೂ ಸಮವೆಂದರೆ ನಕ್ಷೆಯಲ್ಲಿ ಎಳೆದ ಗೆರೆಗಳು ಸೇರುವುದು ಅವರ ಮನೆಗಳ ನಟ್ಟನಡುವೆ, ಈ ಶೆಡ್ಡಿನ ಮೇಲೆ.

"ದೋಣಿ ನನ್ನ ನೆತ್ತಿ ಮೇಲೆ ತೇಲ್ತಿದೆಯೇನ್ರಯ್ಯಾ? ಒಬ್ಬನ ಜೀವ ಹೋಗ್ತಿದೆ, ಇಲ್ಲೂ ಉಪಚಾರವೇ? ನಿಜ ಬೊಗಳಿ!"

"ಮುಳ್ಳು ಒಂಬತ್ತರಲ್ಲೇ ಇದೆಯಲ್ಲೋ ಆಲ್ಬಿ..."

"ಐಲೀನ್!"

"ಆಯ್ತಪ್ಪ, ಐದು ಅಂತ ಬರ್ಕೋ."

"ನಂದು ನಾಲ್ಕು ಇರಬಹುದು ಮಾರಾಯ," ಎಂದ ಇನ್ನೊಬ್ಬ. ಮತ್ತೊಬ್ಬ ನಾಚಿ ಮೂರಕ್ಕಿಳಿದ. ಕಡಲಂಚಿನ ಮರ್ವ್ ಮಾತ್ರ ಒಂಬತ್ತು ಬಿಡಲಿಲ್ಲ.

ಗೆರೆಗಳು ಸರಾಗವಾಗಿ ನೀರಿಗಿಳಿದವು. ಆಲ್ಬಿಯ ಮುಖ ಅರಳಿತು. ಅವನು ಹೇಳಿದ ದಿಕ್ಕಿಗೆ ರಕ್ಷಣಾ ದೋಣಿ ಮಂಜಿನೊಳಗೆ ನುಗ್ಗಿತು.

"ಸಿಗ್ತಾರಾ ಆಲ್ಬಿ?"

"ಲೆಕ್ಕ ಸುಳ್ಳು ಹೇಳಲ್ಲ, ಲೋರ್ನಾ. ಜನ ಹೇಳ್ತಾರೆ."

ಬ್ಯಾಟರಿ ಮುಗಿಯುತ್ತ ಬಂತೇನೋ, ಗೊರಗೊರ ಸದ್ದು ತಡೆತಡೆದು ಬರತೊಡಗಿತು. ಕೊನೆಗೊಮ್ಮೆ ನಿಂತೇಹೋಯಿತು. ಆಲ್ಬಿ ಟೋಪಿ ತೆಗೆದ.

ಅಳು ಯಾರಿಗೂ ಕಾಣಬಾರದೆಂದು ಲೋರ್ನಾ ಶೆಡ್ಡಿನ ಹಿಂಬದಿಗೆ ಹೋದಳು.

ಅಲ್ಲಿ, ಟ್ರೇಲರಿಗೆ ಕಟ್ಟಿದ ಹಗ್ಗವನ್ನೂ ಬಿಚ್ಚದ ದೋಣಿಯೊಳಗೆ, ಅವಳ ಗಂಡ ನರಳುತ್ತಿದ್ದ.