ಬರೆಯದಿದ್ದರೆ ನಡೆದಿಲ್ಲ

ಮಾತ್ರೆ ಕಾರ್ಖಾನೆಯನ್ನು ಮೂರು ದಿನ ಜಾಲಾಡಿದ ತಪಾಸಣಾಧಿಕಾರಿಗೆ ಕೊನೆಗೂ ಒಂದು ತಪ್ಪು ಸಿಕ್ಕಿತು.

"ಹತ್ತನೇ ತಾರೀಕು ಮೆಷಿನ್ ತೊಳೆದದ್ದು ಎಲ್ಲಿ ಬರೆದಿದ್ದೀರಿ?"

"ನಾನೇ ನಿಂತು ತೊಳೆಸಿದೀನಿ ಸರ್. ಬರೆಯೋದು ಮರೆತುಹೋಯ್ತು," ಎಂದಳು ಮ್ಯಾನೇಜರ್. ವರ್ಷವಿಡೀ ಹೆಣಗಿ ಅವಳು ಕಟ್ಟಿದ, ಗುಣಮಟ್ಟ ಕಾಯುವ ಹೊಸ ವ್ಯವಸ್ಥೆ ಒಂದು ಖಾಲಿ ಸಾಲಿಗೆ ಬಲಿಯಾಗುವುದರಲ್ಲಿತ್ತು.

"ಬರೆದಿಲ್ಲ ಅಂದ್ರೆ ನಡೆದೇ ಇಲ್ಲಮ್ಮಾ! ಲೈಸೆನ್ಸ್ ನಿಲ್ಲಿಸ್ತೀನಿ."

ಅವರನ್ನು ಬೀಳ್ಕೊಡಲು ಅವಳು ಗೇಟಿನವರೆಗೂ ಬಂದಳು. ಕಾವಲುಗಾರ ರಿಜಿಸ್ಟರ್ ಹಿಡಿದು ಕಾರಿಗೆ ಅಡ್ಡ ನಿಂತ.

"ಸಾಹೇಬ್ರೇ, ಹೋಗೋ ಟೈಮ್ ಎಲ್ಲಿ ಬರೀಲಿ? ಮೂರು ದಿನಾನೂ ಕಾರಲ್ಲಿ ಸೀದಾ ಒಳಗೆ ಹೋಗ್ಬಿಟ್ರಿ. ನೀವು ಬಂದಿದ್ದೇ ಇದರಲ್ಲಿಲ್ಲ."

"ಅವಸರದಲ್ಲಿ ಮರೆತೆನಪ್ಪಾ!"

ಮ್ಯಾನೇಜರ್ ಉಕ್ಕಿಬಂದ ನಗುವನ್ನು ಕಷ್ಟಪಟ್ಟು ನುಂಗಿ, ಕೈಮುಗಿದಳು.

"ಹಾಗಾದ್ರೆ ಸರ್, ತಪಾಸಣೆಗೆ ಯಾವಾಗ ಬರ್ತೀರಿ?"