ತಿಪ್ಪೆಯಿಂದ ಎತ್ತಿಕೊಂಡವಳು

ಫಾರ್ಮಿನಲ್ಲಿ ಸುಮಿನಾ ಎಲ್ಲವನ್ನೂ ತುಂಬಿದ್ದಳು, ‘ಹೊಸ ಹೆಸರು’ ಎಂಬ ಒಂದು ಸಾಲನ್ನು ಬಿಟ್ಟು. ಭಾನುವಾರ, ಗಂಟೆ ಒಂಬತ್ತು. ಹನ್ನೊಂದಕ್ಕೆ ಹೇವರ್ಡಿನಲ್ಲಿರುವ, ತನ್ನ ದೇಶ ಘಾನಾದವರ ಚರ್ಚಿನಲ್ಲಿ ಎಣ್ಣೆಯ ಅಭಿಷೇಕವಾಗಿ ಅವಳು ಸಭಾಸೇವಕಿಯಾಗಬೇಕು. ಹನ್ನೊಂದು ವರ್ಷ ಅಲ್ಲಿ ಕುರ್ಚಿ ಜೋಡಿಸಿ, ಕಾಯಿಲೆ ಬಿದ್ದವರ ಮನೆಗೆ ಸೂಪು ಹೊತ್ತು, ಕಾದಿದ್ದ ದಿನ ಇದು. ಆದರೆ ಕೆಟ್ಟ ಅರ್ಥದ ಹೆಸರಿನವರು ಹೆಸರು ಬದಲಿಸದೆ ಮುಂದೆ ಬರುವಂತಿಲ್ಲ ಎಂದು ಹೊಸ ಪಾಸ್ಟರು ಕಟ್ಟಪ್ಪಣೆ ಮಾಡಿದ್ದರು. ಹೆಸರಿಗೂ ಮೈಲಿಗೆ ಅಂಟುತ್ತದಂತೆ.

ಸ್ಯಾನ್ ರಮೋನಿನ ಈ ಮನೆಯಲ್ಲಿ ಅವಳು ನೋಡಿಕೊಳ್ಳುತ್ತಿದ್ದುದು ನಾಗಮಂಗಲದ ಕಡೆಯ ಮುದುಕಿಯನ್ನು. ಸೊಂಟ ಮುರಿದ ಮೇಲೆ ಎರಡು ವರ್ಷದಿಂದ ಮುದುಕಿಗೆ ಕೈಕಾಲು ಇವಳೇ. ಔಷಧಿ ಡಬ್ಬಿಯ ಮೇಲೆ ಅವರ ಹೆಸರನ್ನು ದಿನಾ ಓದುತ್ತಿದ್ದಳು, ಅರ್ಥ ಕೇಳಿರಲಿಲ್ಲ.

“ಏನವ್ವಾ ಇವಳು, ಬೆಳಗ್ಗಿಂದ ಪೆನ್ನು ಹಿಡ್ಕೊಂಡು ಕೂತವ್ಳೆ?” ಮುದುಕಿ ಸೊಸೆ ಸಿಂಧುವನ್ನು ಕೇಳಿದರು.

“ಹೆಸರು ಚೇಂಜ್ ಮಾಡ್ಕೋಬೇಕಂತೆ ಅತ್ತೆ. ಈ ಹೆಸರಿಗೆ ಕೆಟ್ಟ ಮೀನಿಂಗ್ ಇದೆಯಂತೆ.”

“ಏನಂತೆ ಅದು?”

ಸಿಂಧು ಇಂಗ್ಲಿಷಿನಲ್ಲಿ ಕೇಳಿದಳು. ಸುಮಿನಾ ತಲೆ ಎತ್ತದೆ ಹೇಳಿದಳು. ಅವಳಿಗಿಂತ ಮುಂಚೆ ಹುಟ್ಟಿದ ಮೂರು ಮಕ್ಕಳು ಸತ್ತಿದ್ದವು. ಇವಳು ಹುಟ್ಟಿದ ಕೂಡಲೇ ತಾಯಿ ಊರ ಕಸದ ಗುಡ್ಡೆಯ ಮೇಲೆ ಮಲಗಿಸಿ ಬಂದಳು, ಅಜ್ಜಿ ಹೋಗಿ ಎತ್ತಿಕೊಂಡು ತಂದಳು. ಯಾರಿಗೂ ಬೇಡದ ಮಗು ಎಂದುಕೊಂಡು ಸಾವು ಬಿಟ್ಟುಹೋಗಲಿ ಎಂದು, ತಮ್ಮ ಭಾಷೆಯಲ್ಲಿ ಕಸದ ಗುಡ್ಡೆ ಎಂಬ ಅರ್ಥದ ‘ಸುಮಿನಾ’ ಎಂದೇ ಹೆಸರಿಟ್ಟರು.

ಅದನ್ನು ಕನ್ನಡದಲ್ಲಿ ಹೇಳುತ್ತಾ ಸಿಂಧು ಅತ್ತೆಯ ಮುಖ ನೋಡಿದಳು. ಅತ್ತೆಯ ಹೆಸರು ತಿಪ್ಪಮ್ಮ. ಅವರನ್ನೂ ಹೀಗೇ ತಿಪ್ಪೆಗೆ ಹಾಕಿ, ಸೋದರತ್ತೆ ಎತ್ತಿಕೊಂಡು ತಂದಿದ್ದಳು.

“ನಾನೂ ತಿಪ್ಪೆ ಮೇಲಿಂದ ಬಂದವ್ಳೇ ಅಂತ ಹೇಳವ್ವ ಅವ್ಳಿಗೆ,” ಎಂದರು ತಿಪ್ಪಮ್ಮ. “ಎಪ್ಪತ್ತೆಂಟು ವರ್ಸ ಆಯ್ತು, ಸಾವು ಇನ್ನೂ ನನ್ನ ತಂಟೆಗೆ ಬಂದಿಲ್ಲ. ಅಲ್ಲಾ, ಅವರ ದೇವ್ರನ್ನೂ ಹುಟ್ಟಿದಾಗ ಕೊಟ್ಟಿಗೇಲೆ ಮಲಗ್ಸಿದ್ರಂತಲ್ಲ?”

ಸಿಂಧು ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದೇ ಸುಮಿನಾ ಮುದುಕಿಯ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ಫಾರ್ಮನ್ನು ಹಾಗೇ ಮಡಚಿ ಬ್ಯಾಗಿಗೆ ಹಾಕಿದಳು.

“ಒಬ್ಬಳನ್ನೇ ಕಳಿಸ್ಬೇಡ. ನಡಿ, ನಾವೂ ಹೋಗಾನ.”

“ಅತ್ತೆ, ಮೂರು ಗಂಟೆ ಸರ್ವೀಸು ಅದು. ನಿಮ್ಮ ಸೊಂಟ...”

“ಸೊಂಟ ನಂದು ಕಣವ್ವ. ಕಾರು ತೆಗಿ.”

ಚರ್ಚಿನಲ್ಲಿ ಮೂವರು ಹೆಂಗಸರು ಬಿಳಿ ಗೌನು ತೊಟ್ಟು ಸಾಲಾಗಿ ನಿಂತಿದ್ದರು. ಮೊದಲನೆಯವಳಿಗೆ ಪಾಸ್ಟರು ವಿಕ್ಟೋರಿಯಾ ಎಂದು ಹೊಸ ಹೆಸರಿಟ್ಟು ಹಣೆಗೆ ಎಣ್ಣೆ ಹಚ್ಚಿದರು. ಡೋಲು, ಚಪ್ಪಾಳೆ. ಮುಂದಿನವಳು ಸುಮಿನಾ.

“ಹೊಸ ಹೆಸರು, ಸಿಸ್ಟರ್?”

“ಸುಮಿನಾ.”

ಪಾಸ್ಟರು ಮೈಕನ್ನು ಪಕ್ಕಕ್ಕೆ ಸರಿಸಿದರು. ಅವರೇನೂ ಕೆಟ್ಟವರಲ್ಲ. “ಆ ಹೆಸರಿನಲ್ಲಿ ಸಾವಿನ ವಾಸನೆ ಇದೆ ಸಿಸ್ಟರ್. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ,” ಎಂದರು ಮೆಲ್ಲಗೆ.

“ನನ್ನ ಅಣ್ಣಂದಿರ ಹೆಸರು ಸಾಮುವೇಲ, ದಾನಿಯೇಲ. ಅಕ್ಕನ ಹೆಸರು ಗ್ರೇಸ್.” ಸುಮಿನಾ ದನಿ ತಗ್ಗಿಸಲಿಲ್ಲ. “ಮೂವರಿಗೂ ಚರ್ಚೇ ಇಟ್ಟ ಹೆಸರು. ಮೂವರನ್ನೂ ಚರ್ಚೇ ಹೂಳಿತು. ತಾಯಿಯೇ ಹೆಸರಿಟ್ಟ ನಾನು ಮಾತ್ರ ಬದುಕಿ ನಿಮ್ಮೆದುರು ನಿಂತಿದ್ದೇನೆ. ಹಚ್ಚುವುದಾದರೆ ಈ ಹೆಸರಿಗೇ ಹಚ್ಚಿ.”

ಎಣ್ಣೆಯ ಸೀಸೆ ಹಿಡಿದ ಪಾಸ್ಟರ ಕೈ ಅಲ್ಲೇ ನಿಂತಿತು. ಆಗ ವಿಕ್ಟೋರಿಯಾ ಗೌನಿನ ತೋಳಿನಿಂದ ಹಣೆಯ ಎಣ್ಣೆ ಒರೆಸಿಕೊಂಡು, ಹೋಗಿ ಸಾಲಿನ ಕೊನೆಯಲ್ಲಿ ನಿಂತಳು.

“ಪಾಸ್ಟರ್, ನನಗೆ ಇನ್ನೊಮ್ಮೆ ಹಚ್ಚಿ. ಈ ಸಲ ನನ್ನ ಅಮ್ಮ ಇಟ್ಟ ಹೆಸರು ಹೇಳಿ.”